ಬ್ಯಾನಿ ಗುಳಿಗಿ

ಪುಸ್ತಕದ ಕನ್ನಡ ‘ನೋವು ನಿವಾರಕ’ ಎಂದು ಕರೆಯುವ ಔಷಧಕ್ಕೆ ವಿಜಯಪುರದ ಕಡೆಯ ಜನ ‘ಬ್ಯಾನಿ ಗುಳಿಗಿ’ ಎನ್ನುತ್ತಾರೆ. ಪದಾರ್ಥ ಒಂದೇ, ಆದರೆ ಎರಡು ಹೆಸರುಗಳೊಳಗಿನ ತಿಳಿವಳಿಕೆ ಒಂದೇ ಅಲ್ಲ. ಈ ಭೇದ ಬರಿಯ ನಿಘಂಟಿನ ವಿಚಾರವಲ್ಲ, ಧರ್ಮಾಧರ್ಮದ ವಿಚಾರವೂ ಹೌದೆಂದು ನನಗೆ ತೋರುತ್ತದೆ.

ಬ್ಯಾನಿ ಎಂಬುದು ಬೇನೆಯ ಆಡುರೂಪ. ಬೇನೆಯಾದರೋ ವೇದನೆಯ ತದ್ಭವ. ವೇದನೆಯ ಮೂಲದಲ್ಲಿರುವುದು ‘ತಿಳಿ’ ಎಂಬರ್ಥದ ‘ವಿದ್’ ಧಾತು. ವೇದ, ವಿದ್ಯೆ, ವಿದ್ವಾಂಸ ಎಲ್ಲವೂ ಅದೇ ಮನೆತನದವು. ಹಾಗಾದರೆ ನೋವೆಂದರೆ ಮೈ ಮನಸ್ಸಿಗೆ ಮುಟ್ಟಿಸುವ ಒಂದು ಅರಿವು. ನಿವಾರಣೆ ಎಂದರೆ ತಡೆಯುವುದು. ಗ್ರೀಕ್ ಮೂಲದ ‘ಅನಾಲ್ಜೆಸಿಕ್’ ಎಂಬ ಮಾತಿಗೂ ನೋವಿಲ್ಲದಂತೆ ಮಾಡುವುದೆಂದಷ್ಟೇ ಅರ್ಥ. ಚರಕಸಂಹಿತೆ ಮಾತ್ರ ಅಶೋಕ, ಕದಂಬ, ಶಿರೀಷ ಮೊದಲಾದ ಹತ್ತು ದ್ರವ್ಯಗಳ ಗಣಕ್ಕೆ ‘ವೇದನಾಸ್ಥಾಪನ’ವೆಂದು ಹೆಸರಿಟ್ಟಿತು. ನೋವನ್ನು ಕಳೆದು ದೇಹವನ್ನು ಅದರ ಸಹಜ ಸ್ಥಿತಿಯಲ್ಲಿ ನೆಲೆಗೊಳಿಸುವುದೆಂದು ಅದರ ಭಾವ. ಬರಿದೆ ತಡೆಯುವುದು ಬೇರೆ, ನೆಲೆಗೊಳಿಸುವುದು ಬೇರೆ.

ಆಸ್ಪಿರಿನ್ ಮಾರಾಟಕ್ಕೆ ಬಂದದ್ದು 1899ರಲ್ಲಿ. ಅದು ಕೆಲಸ ಮಾಡುವ ಬಗೆಯನ್ನು ಜಾನ್ ವೇನ್ ತೋರಿಸಿಕೊಟ್ಟದ್ದು 1971ರಲ್ಲಿ. ಪೆಟ್ಟಾದೆಡೆಯಲ್ಲಿ ಹುಟ್ಟಿ ನೋವನ್ನು ಹೆಚ್ಚಿಸುವ ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯ ತಯಾರಾಗದಂತೆ ಅದು ತಡೆಯುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳ ದಾರಿಯೂ ಇದೇ. ಇವು ಊತ ಇಳಿಸಿಯಾವು. ಸವೆದ ಕೀಲನ್ನು ಮತ್ತೆ ಕಟ್ಟಲಾರವು.

ತಿಕೋಟದ ಸುತ್ತ ದ್ರಾಕ್ಷಿಯ ತೋಟಗಳು ಹೆಚ್ಚು. ಚಾಟಣಿಯ ದಿನಗಳಲ್ಲಿ ಕೈ ಮೇಲೆತ್ತಿ ದುಡಿಯುವ ಹೆಣ್ಣುಮಕ್ಕಳು ಸಂಜೆ ಅಂಗಡಿಗೆ ಬರುವುದನ್ನು ಕಂಡಿದ್ದೇನೆ. “ಬ್ಯಾನಿ ಗುಳಿಗಿ ಕೊಡ್ರೀ ಅಣ್ಣಾ.” “ಎಲ್ಲಿ ಬ್ಯಾನಿ ಐತಿ, ಯಕ್ಕಾ?” “ಎಲ್ಲಿ ಅಂತ ಹೇಳ್ಲಿರಿ? ನಾಳಿ ಮತ್ತ ದುಡೀಬೇಕಲ್ಲ.” ಆಕೆಯ ಭುಜ ಹೇಳುತ್ತಿದ್ದುದು ಒಂದೇ ಮಾತು: ಇಂದಿಗೆ ಸಾಕು. ಗುಳಿಗೆ ಆ ಮಾತನ್ನು ಅಡಗಿಸಿತು. ಅಡಗಿಸಿದ್ದು ಯಾರ ಅನುಕೂಲಕ್ಕೆ? ಈ ಗುಳಿಗೆಗಳನ್ನು ದಿನವೂ ನುಂಗಿದರೆ ಜಠರದಲ್ಲಿ ಹುಣ್ಣಾದೀತು; ಬಿಸಿಲಿನಲ್ಲಿ ನೀರಿಲ್ಲದೆ ಬಳಲಿದ ಮೈಯಲ್ಲಿ ಮೂತ್ರಪಿಂಡಕ್ಕೂ ಕೇಡಾದೀತು. ಕೂಲಿ ತಪ್ಪಿದರೆ ಒಲೆ ಹೊತ್ತದು ಎನ್ನುವವಳಿಗೆ ‘ನುಂಗಬೇಡ’ ಎಂದು ಉಪದೇಶಿಸುವುದು ಸುಲಭ. ಆದರೆ ಆಕೆಯ ನೋವು ವರದಿ ಒಪ್ಪಿಸುತ್ತಿರುವುದು ಆಕೆಗೊಬ್ಬಳಿಗೇ ಅಲ್ಲ. ದುಡಿಸಿಕೊಳ್ಳುವವರಿಗೂ, ಅಗ್ಗದ ಹಣ್ಣು ತಿನ್ನುವ ನಮಗೂ.

ಇಷ್ಟರಿಂದ ನೋವನ್ನು ಸಹಿಸುವುದೇ ಪುಣ್ಯವೆಂದು ಯಾರೂ ತೀರ್ಮಾನಿಸಬಾರದು. ಬಬಲೇಶ್ವರದ ನಮ್ಮ ಬಂಧುಗಳ ಮನೆಯಲ್ಲಿ ಹಿರಿಯರೊಬ್ಬರು ಅರ್ಬುದದಿಂದ ಮಲಗಿದ್ದರು. ಮಾರ್ಫಿನ್ ಎಂದೊಡನೆ ಮಕ್ಕಳು ಹಿಂಜರಿದರು. ಅದು ಅಫೀಮಿನಿಂದ ಬಂದದ್ದು, ಚಟ ಹತ್ತೀತು ಎಂಬ ಭಯ. ಮುದುಕರು ಹೇಳಿದರು: “ತಮ್ಮಾ, ಈ ಬ್ಯಾನಿ ಹೇಳೂದೆಲ್ಲಾ ಹೇಳಿ ಮುಗಿಸೈತಿ. ಇನ್ನ ಸುಮ್ಮನಿರು ಅನ್ರಿ ಅದಕ್ಕ.” ಇದಕ್ಕಿಂತ ಸರಿಯಾದ ವಿವೇಚನೆಯನ್ನು ನಾನು ಯಾವ ಗ್ರಂಥದಲ್ಲೂ ಕಂಡಿಲ್ಲ. ಆ ಭಯ ಕಾನೂನಿನಲ್ಲಿಯೂ ಇತ್ತು. 1985ರ ಮಾದಕ ದ್ರವ್ಯಗಳ ಕಾಯಿದೆಯ ಬಿಗಿಯಿಂದ ಆಸ್ಪತ್ರೆಗಳಿಗೇ ಮಾರ್ಫಿನ್ ದುರ್ಲಭವಾಯಿತು; 2014ರ ತಿದ್ದುಪಡಿ ಆ ಗಂಟನ್ನು ಸಡಿಲಿಸಿತು. ವೈದ್ಯರು ಅಳತೆಯರಿತು ಕೊಟ್ಟ ಮಾರ್ಫಿನ್ ಸಾಯುವವನಿಗೆ ಚಟವಲ್ಲ. ಮಕ್ಕಳೊಡನೆ ನಾಲ್ಕು ಮಾತಾಡುವ ಬಿಡುವು.

ಆದುದರಿಂದ ಗುಳಿಗೆ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯೇ ಅಪೂರ್ಣ. ಈ ನೋವಿಗೆ ಇನ್ನೂ ಹೇಳುವುದು ಉಳಿದಿದೆಯೇ, ಕೇಳಬೇಕಾದವರು ಕೇಳಿದ್ದಾರೆಯೇ ಎಂಬುದು ಮೊದಲ ಪ್ರಶ್ನೆ. ಉಳಿದಿದ್ದರೆ ಗುಳಿಗೆಯ ಜೊತೆಗೆ ವಿಶ್ರಾಂತಿಯನ್ನೂ ಚಿಕಿತ್ಸೆಯನ್ನೂ ಒದಗಿಸುವುದು ನಮ್ಮ ಹೊಣೆ. ಹೇಳಿ ಮುಗಿದಿದ್ದರೆ ಒಂದು ಗಳಿಗೆಯೂ ತಡಮಾಡದೆ ಅದನ್ನು ಸುಮ್ಮನಾಗಿಸುವುದೇ ಧರ್ಮ.