ಬ್ರೇಕಿನ ಪಾಲು
ಜನರಲ್ ಮೋಟರ್ಸ್ ಸಂಸ್ಥೆ 1984ರ ಮಾದರಿಯಾಗಿ ಪಾಂಟಿಯಾಕ್ ಫಿಯೆರೋ ಎಂಬ ಎರಡು ಸೀಟಿನ ಅಗ್ಗದ ಕಾರನ್ನು ಅಮೆರಿಕದ ಮಾರುಕಟ್ಟೆಗೆ ತಂದಿತು. ಎಂಜಿನ್ ಸೀಟುಗಳ ಬೆನ್ನಿಗೆ. ನೋಟಕ್ಕೆ ಅಪ್ಪಟ ರೇಸಿನ ಕಾರು. ಒಳಗಿದ್ದದ್ದು ಮಾತ್ರ 2.5 ಲೀಟರಿನ, 92 ಅಶ್ವಶಕ್ತಿಯ ಸಾಧಾರಣ ಎಂಜಿನ್. ಖರ್ಚು ಉಳಿಸಲು ಮುಂದಿನ ಸಸ್ಪೆನ್ಷನ್ನನ್ನು ಷೆವೆಟ್ ಎಂಬ ಸಣ್ಣ ಕಾರಿನಿಂದ, ಹಿಂದಿನದನ್ನು ಸೈಟೇಷನ್ ಕಾರಿನ ಮುಂಭಾಗದಿಂದ ತಂದು ಜೋಡಿಸಿದ್ದರು. ಶಕ್ತಿ ಸಾಲದೆಂಬ ದೂರು ಬಂದಾಗ 1985ರಲ್ಲೇ 2.8 ಲೀಟರಿನ ವಿ6 ಎಂಜಿನ್ ಬಂತು. ಆ ಶಕ್ತಿಗೆ ತಕ್ಕ ಹೊಸ ಸಸ್ಪೆನ್ಷನ್ನೂ ಉತ್ತಮ ಬ್ರೇಕೂ ಬಂದದ್ದು 1988ರ ಮಾದರಿಯಲ್ಲಿ. ಅದೇ ವರ್ಷ ಕಾರಿನ ತಯಾರಿಕೆ ನಿಂತುಹೋಯಿತು.

ಅಂದು ಕಂಪನಿ ಹಿಡಿದ ಆ ತಲೆಕೆಳಗಾದ ಕ್ರಮವನ್ನೇ ಇಂದು ಎಷ್ಟೋ ಮಂದಿ ತಮ್ಮ ಗ್ಯಾರೇಜಿನಲ್ಲಿ ಹಿಡಿಯುತ್ತಾರೆ. ಹಳೆಯ ಎಂಜಿನ್ ಇಳಿಸಿ, ಆ ಜಾಗದಲ್ಲಿ ಹೆಚ್ಚು ಶಕ್ತಿಯ ವಿ8 ಕೂರಿಸುತ್ತಾರೆ, ಬ್ರೇಕು ಹಳೆಯದೇ ಇರುತ್ತದೆ. ಅವರ ಶ್ರಮವನ್ನು ನಾನು ಹಳಿಯಲಾರೆ. ಯಂತ್ರವೊಂದನ್ನು ಬಿಚ್ಚಿ, ಅರ್ಥಮಾಡಿಕೊಂಡು, ಕೈಯಾರೆ ಮತ್ತೆ ಕಟ್ಟುವುದು ಮನುಷ್ಯನ ದೊಡ್ಡ ಸಂತೋಷಗಳಲ್ಲೊಂದು. ಆದರೆ ಅರ್ಥಮಾಡಿಕೊಳ್ಳುವುದು ಎಂದಮೇಲೆ ಲೆಕ್ಕವನ್ನು ಪೂರ್ತಿ ಮಾಡಬೇಕು. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 100 ಕಿ.ಮೀ. ಇದ್ದದ್ದು 140 ಆದರೆ ವೇಗ ಹೆಚ್ಚಿದ್ದು ಶೇ. 40, ಬ್ರೇಕು ಶಾಖವಾಗಿ ಕಳೆಯಬೇಕಾದ ಶಕ್ತಿ ಹೆಚ್ಚುಕಡಿಮೆ ಇಮ್ಮಡಿ. ಭಾರದ ಎಂಜಿನ್ ಹಿಂದೆ ಕುಳಿತಿದ್ದರೆ, ತಿರುವಿನಲ್ಲಿ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟ ಕ್ಷಣ ಕಾರಿನ ಹಿಂಭಾಗ ಜಾರಿ ಪಕ್ಕಕ್ಕೆ ತಿರುಗಬಹುದು.

ಅಶ್ವಶಕ್ತಿಯ ಅಂಕಿ ಮಾಲೀಕನ ಹೆಮ್ಮೆಗೆ ಸೇರಿದ್ದು. ಬ್ರೇಕು ಹಾಗಲ್ಲ, ಅದರಲ್ಲಿ ಪರರಿಗೂ ಪಾಲಿದೆ. ರಸ್ತೆ ದಾಟುವ ಮುದುಕಿಯನ್ನು, ಎದುರಿನ ವಾಹನದಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿಯನ್ನು ಈ ಪ್ರಯೋಗಕ್ಕೆ ಯಾರೂ ಒಪ್ಪಿಗೆ ಕೇಳಿಲ್ಲ. ತನ್ನ ಪ್ರಾಣವನ್ನು ಪಣಕ್ಕಿಡುವ ಸ್ವಾತಂತ್ರ್ಯವನ್ನು ವಾದಕ್ಕೆ ಒಪ್ಪಿದರೂ, ಅವರ ಪ್ರಾಣವನ್ನು ಪಣಕ್ಕಿಡುವ ಹಕ್ಕು ಯಾರಿಗೂ ಇಲ್ಲ.

ಇರುವ ದೋಷವನ್ನು ತಿದ್ದುವುದೂ ಇದೇ ಹೊಣೆಯ ಭಾಗ. 1984ರ ಫಿಯೆರೋಗಳಲ್ಲಿ ಕನೆಕ್ಟಿಂಗ್ ರಾಡ್ ಮುರಿದು, ಎಣ್ಣೆ ಚೆಲ್ಲಿ, ಬೆಂಕಿ ಹತ್ತಿದ ಪ್ರಕರಣಗಳಿದ್ದವು. ಆ ಕಾರುಗಳಿಗೆ ಬೇಕಿದ್ದದ್ದು ಹೆಚ್ಚಿನ ವೇಗವಲ್ಲ.

ನಿಮ್ಮ ಕೈಲಿರುವ ಹಣ ಒಂದೇ ಕೆಲಸಕ್ಕೆ ಸಾಲುವಂತಿದ್ದರೆ ಟೈರು, ಬ್ರೇಕು ಬದಲಿಸಿ. ಹಳೆಯ ಎಂಜಿನ್ ಇನ್ನೊಂದು ವರ್ಷ ಓಡಲಿ.