ಸಗಣಿ, ಕುಂಕುಮ ಮತ್ತು ರಾಜಕಾರಣ

1992ರ ಡಿಸೆಂಬರ್ 6ರಂದು ಬಾಬ್ರಿ ಮಸೀದಿ ಉರುಳಿತು. ಅದರ ಬೆನ್ನಿಗೇ ಮುಂಬೈಯಲ್ಲಿ ಹೊತ್ತಿಕೊಂಡ ಗಲಭೆ ಮರುವರ್ಷದ ಜನವರಿವರೆಗೂ ಉರಿಯಿತು. ಭಾರತದ ಸಮಕಾಲೀನ ಕಲೆ ದಾರಿ ಬದಲಿಸಿದ್ದರಲ್ಲಿ ಈ ತಿಂಗಳುಗಳ ಪಾಲು ದೊಡ್ಡದು. ಹಿಂದಿನ ಕಲಾವಿದರು ರಾಜಕೀಯದಿಂದ ದೂರವಿದ್ದರೆಂದಲ್ಲ; 1943ರ ಬಂಗಾಳದ ಕ್ಷಾಮವನ್ನು ಚಿತ್ತಪ್ರಸಾದ್, ಜೈನುಲ್ ಆಬೆದಿನ್ ಶಾಯಿಯಲ್ಲಿ ದಾಖಲಿಸಿದ್ದರು. ಅಲ್ಲಿ ಹಸಿವು ಚಿತ್ರದ ವಿಷಯ. ತೊಂಬತ್ತರ ದಶಕದಲ್ಲಾದರೋ ಕೃತಿಯನ್ನು ಕಟ್ಟುವ ಸಾಮಗ್ರಿಯೇ ರಾಜಕೀಯದ ಭಾರ ಹೊರತೊಡಗಿತು.

ವಿವಾನ್ ಸುಂದರಂ 1993ರ 'ಮೆಮೋರಿಯಲ್'ಗೆ ಆರಿಸಿಕೊಂಡದ್ದು ಪತ್ರಿಕೆಯಲ್ಲಿ ಬಂದ ಒಂದೇ ಫೋಟೊವನ್ನು: ಗಲಭೆಯಲ್ಲಿ ಸತ್ತು ಬೀದಿಯಲ್ಲಿ ಬಿದ್ದಿರುವ ಮನುಷ್ಯ. ಅದೇ ಚಿತ್ರಕ್ಕೆ ಮತ್ತೆ ಮತ್ತೆ ಮೊಳೆ ಹೊಡೆದು, ಗಾಜಿನೊಳಗಿಟ್ಟು, ಬೆಳಗ್ಗೆ ಓದಿ ಸಂಜೆ ಮರೆಯುವ ಸುದ್ದಿಯನ್ನು ಅವರು ಸ್ಮಾರಕವಾಗಿಸಿದರು.

ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದ ಶೀಲಾ ಗೌಡ ಅವರದು ಇನ್ನೂ ಮೌನದ ದಾರಿ. ತೈಲವರ್ಣದಲ್ಲಿ ಚಿತ್ರ ಬರೆಯುತ್ತಿದ್ದ ಅವರು ಗಲಭೆಗಳ ನಂತರ ಸಗಣಿಯನ್ನು ಕೈಗೆತ್ತಿಕೊಂಡರು. ಅಂಗಳ ಸಾರಿಸುವ, ಬೆರಣಿ ತಟ್ಟುವ ಹೆಂಗಸರ ದಿನದ ದುಡಿಮೆ ಸಗಣಿಯಲ್ಲಿದೆ. ಮಡಿಯ ನಂಬಿಕೆ ಅದರಲ್ಲೇ ಇದೆ. ಗೋವಿನ ಹೆಸರಿನ ರಾಜಕಾರಣವೂ ಅದಕ್ಕೆ ಅಂಟಿಕೊಂಡಿದೆ. ಇವುಗಳಲ್ಲಿ ಯಾವುದನ್ನೂ ಕೃತಿ ಬಾಯಿಬಿಟ್ಟು ಹೇಳಬೇಕಿಲ್ಲ. 1998ರ 'ಅಂಡ್ ಟೆಲ್ ಹಿಮ್ ಆಫ್ ಮೈ ಪೇನ್' ನೋಡಿ. ಉದ್ದುದ್ದ ದಾರಗಳನ್ನು ಒಂದೊಂದಾಗಿ ಸೂಜಿಯ ಕಣ್ಣಿನಲ್ಲಿ ಪೂರ್ತಿ ಎಳೆದು, ಕುಂಕುಮ ಮತ್ತು ಅಂಟು ಸವರಿ, ಸೇರಿಸಿ ಹಗ್ಗ ಮಾಡಲಾಗಿದೆ. ಗೋಡೆ, ನೆಲಗಳ ಮೇಲೆ ಕರುಳಿನಂತೆ ಹರಿದಾಡುವ ಆ ಕೆಂಪು ಹಗ್ಗದ ತುದಿಯಲ್ಲಿ ಸೂಜಿಗಳು ಗೊಂಚಲಾಗಿ ತೂಗುತ್ತವೆ. ಮುತ್ತೈದೆತನದ ಕುಂಕುಮ, ಹೊಲಿಗೆಯ ಸೂಜಿ, ನೋವು ಎಲ್ಲವೂ ಮಾಡಿದ ಕೆಲಸದ ಒಳಗೇ ಇವೆ. ಭಿತ್ತಿಪತ್ರ ಒಂದು ನಿಲುವನ್ನು ಹೇಳಿ ಮುಗಿಸುತ್ತದೆ. ಈ ಹಗ್ಗದ ಮುಂದೆ ನಿಂತವರು ಒಪ್ಪಲು ಅಥವಾ ತಳ್ಳಿಹಾಕಲು ಸಿದ್ಧ ವಾಕ್ಯವೊಂದು ಸಿಗುವುದಿಲ್ಲ.

ಹೀಗೆ ಎಲ್ಲವನ್ನೂ ಸಾಮಗ್ರಿಗೇ ಬಿಡುವುದಕ್ಕೊಂದು ಗಟ್ಟಿ ಆಕ್ಷೇಪವಿದೆ. 2009ರ ವೆನಿಸ್ ಬಿಯೆನಾಲೆಯಲ್ಲಿ ಪ್ರದರ್ಶಿತವಾದ ಅವರ 'ಬಿಹೋಲ್ಡ್'ನಲ್ಲಿ ಕೂದಲಿನ ಹಗ್ಗಗಳು ಕಾರಿನ ಬಂಪರುಗಳನ್ನು ಎತ್ತಿ ಹಿಡಿದಿವೆ. ನಮ್ಮ ಕಡೆಯ ಡ್ರೈವರುಗಳು ದೃಷ್ಟಿ ತಾಗದಿರಲೆಂದು ಗಾಡಿಗೆ ಕೂದಲಿನ ಹಗ್ಗ ಕಟ್ಟುತ್ತಾರೆ ಎಂಬುದು ಗೊತ್ತಿಲ್ಲದ ನೋಡುಗರಿಗೆ ಅಲ್ಲಿ ಕಾಣುವುದು ಕಪ್ಪು ರಾಶಿ ಮತ್ತು ಉಕ್ಕು. ಉಳಿದದ್ದನ್ನು ಪಕ್ಕದ ಚೀಟಿ ಹೇಳಬೇಕು. ಆದರೂ ಅಷ್ಟು ಹಗುರವಾದ ಕೂದಲು ಅಷ್ಟು ಭಾರವನ್ನು ಹೊತ್ತಿರುವುದು ಚೀಟಿಯಿಲ್ಲದೆಯೂ ಕಾಣುತ್ತದೆ. ಸ್ಥಳೀಯ ಅರ್ಥ ಸ್ವಲ್ಪ ಸೋರಿಹೋದರೂ ಕೃತಿ ಖಾಲಿಯಾಗುವುದಿಲ್ಲ.

ಅಸ್ಮಿತೆಯ ಪ್ರಶ್ನೆಗೆ ಬಂದರೆ ಸಾಮಗ್ರಿಯಾಗುವುದು ಕಲಾವಿದರ ಮೈ. ಬೆಂಗಳೂರಿನ ಪುಷ್ಪಮಾಲಾ ಎನ್. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ರೂಪಿಸಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಸರಣಿಯಲ್ಲಿ ರವಿವರ್ಮನ ಲಕ್ಷ್ಮಿ, ವೇಳಾಂಕಣ್ಣಿ ಮಾತೆ, ಪೊಲೀಸರಿಗೆ ಸಿಕ್ಕಿಬಿದ್ದ ಆರೋಪಿ, ತೋಡ ಹೆಂಗಸು ಎಲ್ಲರೂ ಅವರೇ. ವಸಾಹತು ಕಾಲದ ಮಾನವಶಾಸ್ತ್ರಜ್ಞರು ಬುಡಕಟ್ಟಿನವರ ಮೈ ಅಳೆಯಲು ಹಿಂದೆ ಚೌಕಳಿ ಪರದೆ ಕಟ್ಟಿ ಫೋಟೊ ತೆಗೆಯುತ್ತಿದ್ದರು. ಅದೇ ಪರದೆ ಇಲ್ಲೂ ಇದೆ, ಈಗ ರಂಗಸಜ್ಜಿಕೆಯಾಗಿ. 'ದಕ್ಷಿಣ ಭಾರತದ ಹೆಣ್ಣು' ಎಂಬ ಅಚ್ಚು ಎಷ್ಟರಮಟ್ಟಿಗೆ ವೇಷ, ಬೆಳಕು, ಭಂಗಿಗಳಿಂದ ಆದದ್ದು ಎಂದು ತಮಾಷೆಯಲ್ಲೇ ಬಯಲಾಗುತ್ತದೆ.

ಆದರೆ ಲಕ್ಷ್ಮಿಯ ವೇಷಕ್ಕೂ ತೋಡ ಹೆಂಗಸಿನ ವೇಷಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಕ್ಯಾಲೆಂಡರಿನ ದೇವತೆ. ಎರಡನೆಯದರ ಹಿಂದೆ ನೀಲಗಿರಿಯಲ್ಲಿ ಇಂದಿಗೂ ಬದುಕುತ್ತಿರುವ ಸಮುದಾಯವಿದೆ. ನಗರದ ಓದಿದ ಕಲಾವಿದೆ ಆ ಪಾತ್ರ ಹಾಕಿದಾಗ ಕ್ಯಾಮೆರಾದ ಹಳೆಯ ಅಧಿಕಾರವನ್ನು ಗೇಲಿ ಮಾಡಿದಂತಾಗುತ್ತದೆ, ಸರಿ. ತೋಡ ಹೆಂಗಸಿನ ಕೈಗೆ ಮಾತ್ರ ಆ ಕ್ಯಾಮೆರಾ ಇನ್ನೂ ಬಂದಿರುವುದಿಲ್ಲ.