ಸೀಟು ಸಿಕ್ಕ ಮೇಲೆ

ನಮ್ಮ ಕಲ್ಯಾಣ ಕರ್ನಾಟಕದ ಮನೆಗಳಲ್ಲಿ ಎಂಸಿಎ, ಎಂಟೆಕ್ ಸೀಟಿನ ಮಾತು ವರ್ಷಗಟ್ಟಲೆ ನಡೆಯುತ್ತದೆ. ಪಿಜಿಸಿಇಟಿ ರ‍್ಯಾಂಕ್ ಎಷ್ಟು ಬಂತು, 371(ಜೆ) ಮೀಸಲಾತಿ ಪ್ರಮಾಣಪತ್ರ ಕೈಗೆ ಸಿಕ್ಕಿತೇ, ಕಲಬುರಗಿಯೋ ಬೆಂಗಳೂರೋ. ಸೀಟು ಸಿಕ್ಕ ಮೇಲೆ ಏನು ಓದಬೇಕೆಂಬ ಮಾತು ಮಾತ್ರ ಒಂದೇ ಸಂಜೆಯಲ್ಲಿ ಮುಗಿದುಹೋಗುತ್ತದೆ. ಸೀನಿಯರ್‌ಗೆ ಫೋನ್ ಹಚ್ಚಿ "ಅಣ್ಣಾ, ಯಾವ್ದು ಸ್ಕೋರಿಂಗ್ ಅದ?" ಅಂದರಾಯಿತು.

ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಹೈದರಾಬಾದ್ ಬಸ್ಸಿಗೆ ಕಾಯುವ ಮಕ್ಕಳ ಮೊಬೈಲಿನಲ್ಲಿ ಐಚ್ಛಿಕ ವಿಷಯಗಳ ಪಟ್ಟಿ ತೆರೆದಿರುತ್ತದೆ. ಮೇಲೆ ಕ್ಲೌಡ್, ಬ್ಲಾಕ್‌ಚೈನ್, ಡೇಟಾ ಸೈನ್ಸ್. ಕೆಳಗೆಲ್ಲೋ ಆಲ್ಗಾರಿದಮ್, ಕಂಪೈಲರ್. ಬೆರಳು ಕೆಳಗಿಳಿಯುವುದೇ ಇಲ್ಲ. ಅವರನ್ನು ದೂರುವಂತಿಲ್ಲ. ಮನೆಯಲ್ಲಿ ಸಾಲವಿದೆ, ನೌಕರಿ ಬೇಕು. ಆದರೆ 2020ರಿಂದ ಎಂಸಿಎ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ; ಅದರಲ್ಲೂ ಪ್ರಾಜೆಕ್ಟಿನ ಪಾಲು ಕಳೆದರೆ ನಾವೇ ಆರಿಸಿಕೊಳ್ಳಲು ಉಳಿಯುವುದು ಬೆರಳೆಣಿಕೆಯ ವಿಷಯ. ಅವು ಪೋಲಾಗಬಾರದು ಎಂಬುದಷ್ಟೇ ನನ್ನ ಕಳಕಳಿ.

ಪಟ್ಟಿಯ ಕೆಳಗಿರುವ ಆ ವಿಷಯಗಳನ್ನೇ ನೋಡಿ. ಅದೇ ಮೊಬೈಲಿನ ನಕ್ಷೆ ಹೈದರಾಬಾದಿನ ದಾರಿ ತೋರಿಸುತ್ತದಲ್ಲ, ಅಂಥ ಲೆಕ್ಕದ ಬೇರು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ವಿಧಾನದಲ್ಲಿದೆ. ಇವತ್ತಿನ ಚಾಟ್‌ಜಿಪಿಟಿಗೆ ತಳಹದಿಯಾದ ಟ್ರಾನ್ಸ್‌ಫಾರ್ಮರ್ ಪ್ರಬಂಧ ಹೊರಬಂದದ್ದು 2017ರಲ್ಲಿ. ಅದಕ್ಕೂ ಮುಂಚೆ ಎಂಟೆಕ್ ಮುಗಿಸಿದ ಯಾರಿಗೂ ಆ ಹೆಸರಿನ ಪಾಠ ಸಿಕ್ಕಿರಲಿಲ್ಲ. ಆದರೆ ಲೀನಿಯರ್ ಆಲ್ಜಿಬ್ರಾ, ಸಂಭವನೀಯತೆಗಳನ್ನು ಬೆವರು ಸುರಿಸಿ ಓದಿದ್ದವರು ಆ ಪ್ರಬಂಧದ ಹಾಳೆಗಳನ್ನು ಮುಂದಿಟ್ಟುಕೊಂಡು ತಾವೇ ಬಿಡಿಸಿಕೊಳ್ಳಬಲ್ಲವರಾಗಿದ್ದರು.

ಹೊಸ ಟೂಲ್ ಕಲಿಯಲು ಈಗ ಕಾಲೇಜೇ ಬೇಕೆಂದಿಲ್ಲ. ಎನ್‌ಪಿಟಿಇಎಲ್ ಪಾಠಗಳು ಹಳ್ಳಿಯ ಅಂಗಳದಲ್ಲೂ ಬಿಟ್ಟಿ ಸಿಗುತ್ತವೆ. ಆದರೆ ನೀವು ಬೋರ್ಡಿನ ಮೇಲೆ ಬರೆದ ಪ್ರಮೇಯದ ಸಾಧನೆಯ ಮೂರನೆಯ ಸಾಲಿನಲ್ಲಿ ಚಾಕ್‌ಪೀಸ್ ಇಟ್ಟು "ಇದು ಹ್ಯಾಂಗ ಬಂತು?" ಎಂದು ಕೇಳುವ ಮೇಷ್ಟ್ರು ವಿಡಿಯೊದಲ್ಲಿ ಸಿಗುವುದಿಲ್ಲ. ಆ ಗಳಿಗೆಯಲ್ಲಿ ಗಂಟಲು ಒಣಗುತ್ತದೆ. ಪಾಠ ಮಾತ್ರ ಆಮೇಲೆ ಮರೆಯುವುದಿಲ್ಲ.

ಪ್ರಶ್ನೆ ಕೇಳಿ ಕಲಿಸುವ ಈ ರೀತಿ ನಮಗೆ ಹೊಸದಲ್ಲ. ಹುಮನಾಬಾದಿನಿಂದ ಹೆದ್ದಾರಿ ಹಿಡಿದು ಸಸ್ತಾಪುರ ಬಂಗ್ಲಾದ ಹತ್ತಿರ ತಿರುಗಿದರೆ ಬಸವಕಲ್ಯಾಣ. ಹನ್ನೆರಡನೆಯ ಶತಮಾನದ ಅನುಭವ ಮಂಟಪದ ನೆನಪು ಹೊತ್ತ ಊರು. ಶರಣರ ಸಂವಾದಗಳ ಗ್ರಂಥವಾದ ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನಾಗಲಿ ಸಿದ್ಧರಾಮನನ್ನಾಗಲಿ ಕಂಡ ಕೂಡಲೇ ಒಪ್ಪಿಕೊಳ್ಳುವುದಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಾರೆ. ಉತ್ತರ ಕೊಡುತ್ತ ಕೊಡುತ್ತ ಆ ಇಬ್ಬರ ಅರಿವೂ ಬೆಳೆಯುತ್ತದೆ. ಇಂಥ ನೆಲದ ಮಕ್ಕಳು ತರಗತಿಯಲ್ಲಿ ಪ್ರಶ್ನೆಗೆ ಹೆದರಿ ಸುಲಭದ ವಿಷಯ ಹಿಡಿಯುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನೌಕರಿಗೆ ಬೇಕಾದ ಒಂದೆರಡು ವಿಷಯ ಧಾರಾಳವಾಗಿ ತೆಗೆದುಕೊಳ್ಳಿ. ಉಳಿದವಕ್ಕೆ ಟಿಕ್ ಹಾಕುವ ಮೊದಲು ಸೀನಿಯರ್‌ಗಲ್ಲ, ಪಾಠ ಮಾಡುವ ಮೇಷ್ಟ್ರಿಗೇ ಕೇಳಿ: ಈ ವಿಷಯದಲ್ಲಿ ನಾವು ಏನು ಬರೆಯಬೇಕು, ಬರೆದದ್ದನ್ನು ನೀವು ಓದಿ ತಿದ್ದುತ್ತೀರಾ? "ಹೌದು, ವಾರವಾರವೂ" ಎನ್ನುವವರು ಸಿಕ್ಕರೆ, ಕಷ್ಟವೆಂದು ಎಷ್ಟೇ ಜನ ಹೆದರಿಸಲಿ, ಅಲ್ಲಿ ಹೆಸರು ಕೊಡಿ.